ಎರಡು ಬೆಟ್ಟ, ನಡುವೆ ಸೂರ್ಯ: ಒಂದು ಚಿತ್ರದ ಚರಿತ್ರೆ

ಚಿತ್ರಕಲೆಯ ತರಗತಿಯಲ್ಲಿ ಹಾಳೆ ಹಂಚಿ ‘ನಿಮಗಿಷ್ಟವಾದ ಚಿತ್ರ ಬರೆಯಿರಿ’ ಎಂದರೆ ಹೆಚ್ಚಿನ ಮಕ್ಕಳು ಬರೆಯುವುದು ಒಂದೇ ಚಿತ್ರ. ತ್ರಿಕೋನದಂತಹ ಎರಡು ಬೆಟ್ಟ, ಅವುಗಳ ಸಂದಿನಲ್ಲಿ ಅರ್ಧ ಸೂರ್ಯ, ಸೂರ್ಯನ ಸುತ್ತ ಸ್ಕೇಲು ಹಿಡಿದು ಎಳೆದ ಕಿರಣಗಳು, ಬೆಟ್ಟದ ಬುಡದಿಂದ ಹೊರಟು ಹಾಳೆಯ ಅಂಚಿಗೆ ಬರುವಷ್ಟರಲ್ಲಿ ಅಗಲವಾಗುವ ಹೊಳೆ, ಒಂದು ಪಕ್ಕ ಗುಡಿಸಲು, ಇನ್ನೊಂದು ಪಕ್ಕ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಇದಕ್ಕೆ ಮಕ್ಕಳು ಇಟ್ಟಿರುವ ಹೆಸರು ‘ಸೀನರಿ’. ಅವರ ತಂದೆತಾಯಿಯೂ ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಇದನ್ನೇ ಬರೆದಿದ್ದರು. ಬೀದರಿನ ಮಗುವೂ ಇದನ್ನೇ ಬರೆಯುತ್ತದೆ, ಕಾರವಾರದ ಮಗುವೂ ಇದನ್ನೇ ಬರೆಯುತ್ತದೆ. ಪಠ್ಯಪುಸ್ತಕದಲ್ಲಿ ಇದು ಪಾಠವಾಗಿ ಇಲ್ಲ, ಯಾವ ಡ್ರಾಯಿಂಗ್ ಮೇಷ್ಟ್ರೂ ಇದನ್ನು ಹಟ ಹಿಡಿದು ಕಲಿಸುವುದಿಲ್ಲ. ಆದರೂ ಅದು ಬರುತ್ತಲೇ ಇದೆ.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಚರಿತ್ರೆಯ ವಿಷಯ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದದ್ದು ಈ ಚಿತ್ರವೇ. ರಾಜರ ಚರಿತ್ರೆ, ಊರಿನ ಚರಿತ್ರೆ ಬರೆಯಲು ಬೇರೆ ಅಧ್ಯಾಪಕರಿದ್ದಾರೆ. ಈ ಸೀನರಿಗೂ ಒಂದು ಚರಿತ್ರೆ ಇದೆ. ಅದು ರೋಮ್ ನಗರದ ಹೊರವಲಯದಿಂದ ಹೊರಟು, ಟಿಪ್ಪುವಿನ ಕಾಲದ ಯುದ್ಧಭೂಮಿಯನ್ನು ಹಾದು, ನಾಟಕದ ಪರದೆ ಮತ್ತು ಕ್ಯಾಲೆಂಡರುಗಳ ಮೂಲಕ ನಮ್ಮ ಮಕ್ಕಳ ಹಾಳೆಗೆ ಬಂದಿದೆ.

ಮೊದಲು ನಮ್ಮದೇ ಹಳೆಯ ಸಂಪ್ರದಾಯವನ್ನು ನೋಡೋಣ. ನಮ್ಮವರಿಗೆ ಬೆಟ್ಟ, ಮರ, ಸಂಜೆ ಕಾಣಿಸುತ್ತಿರಲಿಲ್ಲವೆಂದಲ್ಲ. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳು ಇರಬೇಕು, ಅದರಲ್ಲಿ ಬೆಟ್ಟ, ಋತು, ಸೂರ್ಯ ಚಂದ್ರರ ಉದಯ ಇರಬೇಕು ಎಂದು ನಮ್ಮ ಕಾವ್ಯಶಾಸ್ತ್ರ ಹೇಳಿತ್ತು, ಪಂಪನಿಂದ ಮೊದಲುಗೊಂಡು ಕವಿಗಳು ಅದನ್ನು ಪಾಲಿಸಿದರು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ‘ಚಿತ್ರಸೂತ್ರ’ ಭಾಗವು ಚಿತ್ರಕಾರನಿಗೆ ಇನ್ನೂ ಸ್ಪಷ್ಟವಾಗಿ ದಾರಿ ತೋರಿಸುತ್ತದೆ. ಬೆಟ್ಟವನ್ನು ಬರೆಯುವಾಗ ಬಂಡೆಗಳ ರಾಶಿ, ಶಿಖರ, ಧಾತುಗಳು, ಮರಗಳು, ಝರಿ, ಹಾವು ಇವುಗಳನ್ನು ತೋರಿಸಬೇಕು. ಕಾಡನ್ನು ಬಗೆಬಗೆಯ ಮರಗಳಿಂದಲೂ ಮೃಗಪಕ್ಷಿಗಳಿಂದಲೂ ಸೂಚಿಸಬೇಕು. ಸಂಜೆಯನ್ನು ತೋರಿಸಬೇಕಾದರೆ ಸಂಧ್ಯಾನಿಯಮದಲ್ಲಿ ತೊಡಗಿದವರನ್ನು ಬರೆಯಬೇಕು. ಬೆಳದಿಂಗಳಿಗೆ ಅರಳಿದ ನೈದಿಲೆ ಸಾಕು. ಇಲ್ಲಿ ಸಂಜೆಯೆಂದರೆ ಬಣ್ಣವಲ್ಲ, ಆ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ ಎಂಬುದು. ಲೇಪಾಕ್ಷಿಯ ಚಾವಣಿಯಲ್ಲಾಗಲಿ, ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಾಗಲಿ, ಮೈಸೂರು ಶೈಲಿಯ ಚಿನ್ನದ ಕೆಲಸದ ಪಟಗಳಲ್ಲಾಗಲಿ ದೇವರು ಮತ್ತು ಮನುಷ್ಯರೇ ಮುಖ್ಯ, ಗಿಡಮರಗಳು ಅವರಿಗೆ ಹಿನ್ನೆಲೆ. ಮನುಷ್ಯರೇ ಇಲ್ಲದೆ, ಬರಿಯ ಬೆಟ್ಟದ ಹಿಂದೆ ಸೂರ್ಯ ಮುಳುಗುವುದನ್ನೇ ವಿಷಯವಾಗಿ ಮಾಡಿಕೊಂಡು ಬರೆಯುವ ರೂಢಿ ಇಲ್ಲಿ ಬೆಳೆಯಲಿಲ್ಲ. ಚೀನಾದಲ್ಲಿ ಸಾವಿರ ವರ್ಷಗಳ ಹಿಂದೆಯೇ ‘ಬೆಟ್ಟ-ನೀರು’ ಎಂಬ ಹೆಸರಿನ ಚಿತ್ರಪದ್ಧತಿ ಪ್ರೌಢವಾಗಿತ್ತು. ಆದರೆ ಅದು ಹೆಚ್ಚಾಗಿ ಮಸಿಯ ಚಿತ್ರ, ಅದರ ಜೀವ ಮಂಜಿನಲ್ಲಿತ್ತು. ನಮ್ಮ ಸೀನರಿಯ ಮೂಲ ಅಲ್ಲಿಲ್ಲ.

ಅದರ ಮೂಲ ಹುಡುಕಬೇಕಾದರೆ ಕ್ಲೋಡ್ ಲೊರೇನ್ ಎಂಬ ಚಿತ್ರಕಾರನ ಬಳಿಗೆ ಹೋಗಬೇಕು. ಅವನು ಹುಟ್ಟಿದ್ದು 1600ರ ಸುಮಾರಿಗೆ, ಈಗಿನ ಫ್ರಾನ್ಸಿಗೆ ಸೇರಿದ ಲೊರೇನ್ ಪ್ರಾಂತದಲ್ಲಿ. ಬದುಕಿನ ಹೆಚ್ಚಿನ ಭಾಗ ಕಳೆದು 1682ರಲ್ಲಿ ತೀರಿಕೊಂಡದ್ದು ರೋಮ್ ನಗರದಲ್ಲಿ. ಮೊದಲು ಅವನು ಕಲಿತದ್ದು ಕೇಕು, ಕಜ್ಜಾಯ ಮಾಡುವ ಕಸುಬೆಂದು ಅವನ ಗೆಳೆಯನಾದ ಜರ್ಮನ್ ಚಿತ್ರಕಾರ ಸಾಂಡ್ರಾರ್ಟ್ ಬರೆದಿಟ್ಟಿದ್ದಾನೆ. ಕ್ಲೋಡ್ ಬೆಳಗಿನ ಜಾವಕ್ಕೆ ಮುಂಚೆಯೇ ಹೊಲಗಳಿಗೆ ಹೋಗಿ ಬಿದ್ದುಕೊಂಡು, ಆಕಾಶದ ಬಣ್ಣ ಹೇಗೆ ಹೇಗೆ ಬದಲಾಗುತ್ತದೆಂದು ನೋಡಿ, ಆ ಬಣ್ಣಗಳನ್ನು ಕಲಸಿಕೊಂಡು ಮನೆಗೆ ಓಡಿ ಬಂದು ಚಿತ್ರಕ್ಕೆ ಹಚ್ಚುತ್ತಿದ್ದನೆಂದೂ ಅವನೇ ಹೇಳುತ್ತಾನೆ. ಅದುವರೆಗೆ ಯುರೋಪಿನ ಚಿತ್ರಕಾರರು ಬೆಳಕನ್ನು ಪಕ್ಕದಿಂದಲೋ ಮೇಲಿನಿಂದಲೋ ಬೀಳಿಸುತ್ತಿದ್ದರು. ಸೂರ್ಯನನ್ನೇ ತಂದು ಚಿತ್ರದೊಳಗೆ, ದಿಗಂತದ ಹತ್ತಿರ, ನೋಡುವವರ ಕಣ್ಣಿಗೆ ನೇರವಾಗಿ ಇಟ್ಟು, ಇಡೀ ಚಿತ್ರದ ಬೆಳಕನ್ನು ಅಲ್ಲಿಂದಲೇ ಹೊರಡಿಸಿದ ಮೊದಲಿಗರಲ್ಲಿ ಕ್ಲೋಡ್ ಮುಖ್ಯನಾದವನು.

ಅವನ ಚಿತ್ರಗಳಿಗೆ ಒಂದು ಸಿದ್ಧ ಚೌಕಟ್ಟು ಇತ್ತು. ಒಂದು ಪಕ್ಕ ಎಲೆ ತುಂಬಿದ, ನೆರಳಿನಿಂದ ಕಪ್ಪಾದ ದೊಡ್ಡ ಮರ. ಇನ್ನೊಂದು ಪಕ್ಕ ಅದಕ್ಕೆ ಜೋಡಿಯಾಗಿ ಚಿಕ್ಕ ಮರವೋ ಪಾಳುಗುಡಿಯೋ. ನಡುವೆ ಹೊಳೆಯುವ ನೀರು. ಅದರ ಹಿಂದೆ ಒಂದರ ಹಿಂದೊಂದು ತಿಳಿಯಾಗುತ್ತ ಹೋಗಿ ಕೊನೆಗೆ ನೀಲಿಯಾಗುವ ಬೆಟ್ಟಗಳು. ಎಲ್ಲಕ್ಕಿಂತ ಹಿಂದೆ ಹೊಂಬಣ್ಣದ ಆಕಾಶ. ನಮ್ಮ ಮಕ್ಕಳ ಹಾಳೆಯನ್ನು ಈಗ ಪಕ್ಕದಲ್ಲಿಟ್ಟು ನೋಡಿ. ಮರ, ಗುಡಿಸಲು, ಹೊಳೆ, ಬೆಟ್ಟ, ಸೂರ್ಯ. ಪಾಳುಗುಡಿ ಹೋಗಿ ಗುಡಿಸಲು ಬಂದಿದೆ, ಅಷ್ಟೇ.

ಈ ಚೌಕಟ್ಟು ಇಂಗ್ಲೆಂಡಿನ ಶ್ರೀಮಂತರಿಗೆ ಹುಚ್ಚು ಹಿಡಿಸಿತು. ಪ್ರವಾಸಕ್ಕೆ ಹೋದವರು ‘ಕ್ಲೋಡ್ ಕನ್ನಡಿ’ ಎಂಬ, ಕಪ್ಪು ಛಾಯೆಯ ಚಿಕ್ಕ ಉಬ್ಬುಗನ್ನಡಿಯನ್ನು ಕೈಯಲ್ಲಿ ಹಿಡಿದು, ಬೆಟ್ಟಕ್ಕೆ ಬೆನ್ನು ಮಾಡಿ ನಿಂತು, ಕನ್ನಡಿಯೊಳಗೆ ಬೆಟ್ಟವನ್ನು ನೋಡುತ್ತಿದ್ದರು. ಹಾಗೆ ನೋಡಿದರೆ ನಿಜವಾದ ಬೆಟ್ಟ ಕ್ಲೋಡನ ಚಿತ್ರದಂತೆ ಕಾಣುತ್ತಿತ್ತಂತೆ. ಈಗ ನಾವು ಬೆಟ್ಟಕ್ಕೆ ಬೆನ್ನು ಮಾಡಿ ಮೊಬೈಲು ಎತ್ತಿ ಹಿಡಿಯುವುದನ್ನು ನೋಡಿದಾಗ ನನಗೆ ಆ ಕನ್ನಡಿ ನೆನಪಾಗುತ್ತದೆ. ಇಂಗ್ಲೆಂಡಿನ ಬಹುದೊಡ್ಡ ಚಿತ್ರಕಾರ ಟರ್ನರ್ ಸತ್ತದ್ದು 1851ರಲ್ಲಿ. ಸೂರ್ಯ ನೇರವಾಗಿ ಎದುರಿಗಿರುವ ತನ್ನದೊಂದು ಚಿತ್ರವನ್ನು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಕ್ಲೋಡನ ಚಿತ್ರದ ಪಕ್ಕದಲ್ಲೇ ತೂಗುಹಾಕಬೇಕೆಂದು ಅವನು ಉಯಿಲು ಬರೆದಿಟ್ಟಿದ್ದ.

ಈ ಚಿತ್ರಪದ್ಧತಿ ನಮ್ಮ ಸೀಮೆಗೆ ಬಂದ ದಾರಿ ಮಾತ್ರ ಚಿತ್ರಶಾಲೆಯ ದಾರಿಯಲ್ಲ, ಯುದ್ಧದ ದಾರಿ. ನಮ್ಮ ಮಕ್ಕಳು ತಿಳಿಯಲೇಬೇಕಾದ ಭಾಗ ಇದು. ಕ್ಯಾಮರಾ ಇಲ್ಲದ ಆ ಕಾಲದಲ್ಲಿ ಸೈನ್ಯಾಧಿಕಾರಿಗೆ ಚಿತ್ರ ಬರೆಯಲು ಬರಬೇಕಾಗಿತ್ತು. ಕೋಟೆ ಎಷ್ಟು ಎತ್ತರದಲ್ಲಿದೆ, ಬೆಟ್ಟದ ಇಳಿಜಾರು ಯಾವ ಕಡೆ ಸುಲಭ, ಮರಗಳ ಮರೆ ಎಲ್ಲಿಯವರೆಗೆ ಇದೆ, ಫಿರಂಗಿ ಎಲ್ಲಿ ನಿಲ್ಲಿಸಬಹುದು ಇವೆಲ್ಲವೂ ಚಿತ್ರದಲ್ಲಿ ಬರಬೇಕು. ಅದಕ್ಕೆಂದೇ ಲಂಡನ್ನಿನ ಹತ್ತಿರದ ವೂಲಿಚ್ ಸೈನಿಕ ಶಾಲೆಯಲ್ಲಿ 1768ರಿಂದ 1796ರವರೆಗೆ ಪಾಲ್ ಸ್ಯಾಂಡ್‌ಬಿ ಎಂಬ ಹೆಸರಾಂತ ನಿಸರ್ಗ ಚಿತ್ರಕಾರನೇ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಇತ್ತ 1780ರ ಸುಮಾರಿಗೆ ಲಂಡನ್ನಿನ ವಿಲಿಯಂ ರೀವ್ಸ್ ಎಂಬಾತ ಜಲವರ್ಣವನ್ನು ಗಟ್ಟಿ ಬಿಲ್ಲೆಗಳಾಗಿ ಮಾಡುವ ಉಪಾಯ ಕಂಡುಹಿಡಿದ. ಒದ್ದೆ ಕುಂಚ ಸೋಕಿಸಿದರೆ ಬಣ್ಣ ಬಿಡುವ ಬಿಲ್ಲೆ. 1781ರಲ್ಲಿ ಅದಕ್ಕೆ ಬಹುಮಾನವೂ ಬಂತು. ಅದಕ್ಕೂ ಮೊದಲು ಬಣ್ಣದ ಹುಡಿಯನ್ನು ಅರೆದು ಅಂಟು ಸೇರಿಸಿ ಆಗಿಂದಾಗಲೇ ತಯಾರಿಸಿಕೊಳ್ಳಬೇಕಿತ್ತು. ಬಿಲ್ಲೆ ಬಂದ ಮೇಲೆ ಬಣ್ಣದ ಡಬ್ಬಿ ಜೇಬಿಗೆ ಇಳಿಯಿತು, ಕುದುರೆಯ ಜೀನಿನ ಚೀಲಕ್ಕೂ ಇಳಿಯಿತು. ನಮ್ಮ ಮಕ್ಕಳು ಸ್ಟೇಷನರಿ ಅಂಗಡಿಯಿಂದ ತರುವ ಹನ್ನೆರಡು ಬಿಲ್ಲೆಗಳ ಡಬ್ಬಿ ಅದರದೇ ವಂಶ.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೈಸೂರಿನ ಮೇಲೆ ಏರಿ ಬಂದಾಗ ಬಂದೂಕುಗಳ ಜೊತೆಗೆ ಈ ಡಬ್ಬಿಗಳೂ ಬಂದವು. ಮಾರ್ಚ್ 21ರಂದು ಬೆಂಗಳೂರು ಕೋಟೆ, ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ ಬಿದ್ದವು. ಸಾವನದುರ್ಗದ ಸುತ್ತ ಬಿದಿರು ಮೆಳೆಯ ದಟ್ಟ ಕಾಡು ಇತ್ತು. ಬೆಟ್ಟಕ್ಕಿಂತ ಆ ಮೆಳೆಯೇ ದೊಡ್ಡ ಕೋಟೆಯಾಗಿತ್ತು, ಫಿರಂಗಿ ಎಳೆಯಲು ಅದನ್ನು ಕಡಿದು ದಾರಿ ಮಾಡಬೇಕಾಯಿತು. ಸೈನ್ಯದ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಈ ದುರ್ಗಗಳನ್ನು ಬರೆದುಕೊಂಡು, 1794ರಲ್ಲಿ ‘ಮೈಸೂರಿನ ಆಯ್ದ ದೃಶ್ಯಗಳು’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕ ತಂದ. ಸರ್ವೆ ಅಧಿಕಾರಿ ಕೋಲ್‌ಬ್ರೂಕ್ ಮೈಸೂರು ರಾಜ್ಯದ ಹನ್ನೆರಡು ದೃಶ್ಯಗಳನ್ನು ಅಚ್ಚು ಹಾಕಿಸಿದ. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನು ಬರೆದಿಟ್ಟ ಚಿತ್ರಗಳು 1805ರ ಹೊತ್ತಿಗೆ ಲಂಡನ್ನಿನಲ್ಲಿ ಬಣ್ಣದ ಅಚ್ಚಾಗಿ ಹೊರಬಂದವು. ಯುದ್ಧ ಮುಗಿದ ವರ್ಷವೇ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ದಕ್ಷಿಣ ಭಾರತದ ಪ್ರವಾಸ ಮಾಡಿದರು. ಭಾರತದ ಬಗ್ಗೆ ಅವರಿಬ್ಬರು ಹೊರತಂದ ದೊಡ್ಡ ಸಂಪುಟಗಳಲ್ಲಿ ಒಟ್ಟು 144 ಚಿತ್ರಗಳಿವೆ. ತಾಮ್ರದ ತಗಡಿನ ಮೇಲೆ ಆಮ್ಲ ಹಾಯಿಸಿ ಕೊರೆದು, ಕಾಗದಕ್ಕೆ ಒತ್ತಿ, ಆಮೇಲೆ ಕೈಯಿಂದ ಬಣ್ಣ ತುಂಬಿದ ಚಿತ್ರಗಳು ಇವು.

ಹೀಗೆ ನಮ್ಮ ನಾಡಿನ ಬೆಟ್ಟಗಳು ಕಾಗದದ ಮೇಲೆ, ಇಂಥದೇ ಬೆಟ್ಟವೆಂದು ಗುರುತು ಹಿಡಿಯುವಂತೆ ಮೂಡಿದ್ದು ಅವುಗಳನ್ನು ಗೆಲ್ಲಲು ಬಂದವರ ಕೈಯಿಂದ. ಇದರಲ್ಲಿ ಸಿಟ್ಟಾಗುವುದಕ್ಕಿಂತ ಯೋಚಿಸುವುದಕ್ಕೆ ಹೆಚ್ಚು ಇದೆ. 1791ರ ಸಾವನದುರ್ಗ ಹೇಗಿತ್ತು, ಕಾಡು ಎಲ್ಲಿಯವರೆಗೆ ಇತ್ತು ಎಂದು ತಿಳಿಯಬೇಕಾದರೆ ಇಂದು ನಾವು ಆ ಚಿತ್ರಗಳನ್ನೇ ನೋಡಬೇಕು. ಕೋಟೆಯ ಒಳಗಿದ್ದವರಲ್ಲಿ ಯಾರೂ ಅಂಥದೊಂದು ಚಿತ್ರ ಬರೆದು ನಮಗೆ ಬಿಟ್ಟುಹೋಗಲಿಲ್ಲ. ಹಾಗೆಂದು ಆ ಚಿತ್ರಗಳನ್ನು ಕಣ್ಣುಮುಚ್ಚಿ ನಂಬುವುದೂ ಕಷ್ಟ. ಕ್ಲೋಡನ ಚೌಕಟ್ಟನ್ನು ಕಣ್ಣಲ್ಲಿಟ್ಟುಕೊಂಡೇ ಬಂದವರು ಅವರು. ಮುಂದೆ ಒಂದು ಮರ ಬೇಕೆನಿಸಿದರೆ ಅಲ್ಲಿ ಮರ ಬರುತ್ತಿತ್ತು.

ಇನ್ನು ಸಂಜೆಯ ಬಣ್ಣದ ಮಾತು. ನಮ್ಮ ಚಿತ್ರಗಾರರ ಮನೆಗಳಲ್ಲಿ ಕೆಂಪಿಗೆ ಇಂಗಲೀಕ, ಹಳದಿಗೆ ಹರಿದಾಳ, ಕಪ್ಪಿಗೆ ಕಾಡಿಗೆ, ಜೊತೆಗೆ ಕೆಮ್ಮಣ್ಣು, ನೀಲಿ ಇದ್ದವು. ಇಂಗಲೀಕವೆಂದರೆ ಪಾದರಸ ಮತ್ತು ಗಂಧಕ ಸೇರಿದ್ದು, ಹರಿದಾಳದಲ್ಲಿ ಪಾಷಾಣವಿದೆ. ಚಂದದ ಬಣ್ಣಗಳೇ, ಆದರೆ ವಿಷ. ಟರ್ನರನಂತಹ ಇಂಗ್ಲಿಷ್ ಚಿತ್ರಕಾರರು ಸಂಜೆಯ ಹೊಂಬಣ್ಣಕ್ಕೆ ಬಳಸಿದ ಒಂದು ಹಳದಿಯ ಹೆಸರೇ ‘ಇಂಡಿಯನ್ ಯೆಲ್ಲೋ’. ನಮ್ಮ ದೇಶದಲ್ಲಿ ಅದಕ್ಕೆ ಪಿಯೂರಿ ಎಂಬ ಹೆಸರಿತ್ತು. 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ಎಂಬ ಬಂಗಾಳಿ ವಿದ್ವಾಂಸರು ಬಿಹಾರದ ಮುಂಗೇರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ನೋಡಿ, ಹಸುಗಳಿಗೆ ಮಾವಿನ ಎಲೆ ತಿನ್ನಿಸಿ ಅವುಗಳ ಗಂಜಲವನ್ನು ಕಾಯಿಸಿ, ಇಳಿದ ಗಸಿಯನ್ನು ಉಂಡೆ ಕಟ್ಟಿ ಈ ಬಣ್ಣ ಮಾಡುತ್ತಾರೆಂದು ವರದಿ ಬರೆದರು. ಬರಿಯ ಮಾವಿನ ಎಲೆ ತಿಂದ ಹಸುಗಳು ಸೊರಗಿದ್ದವೆಂದೂ ಅದರಲ್ಲಿ ಬರೆದಿದ್ದಾರೆ. ಇಪ್ಪತ್ತನೆಯ ಶತಮಾನ ಹುಟ್ಟಿದ ಮೇಲೆ ಆ ಬಣ್ಣ ನಿಂತುಹೋಯಿತು. ಅದರ ಜಾಗಕ್ಕೆ ಬಂದವುಗಳಲ್ಲಿ ಕ್ಯಾಡ್ಮಿಯಂ ಹಳದಿ ಒಂದು. ಆ ಲೋಹವನ್ನು ಕಂಡುಹಿಡಿದದ್ದು 1817ರಲ್ಲಿ, ಜರ್ಮನಿಯಲ್ಲಿ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ, ಹಿಂಡಿದರೆ ಬಣ್ಣ ಬರುವ ತವರದ ಟ್ಯೂಬು ಮಾಡಿದ. ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುವ ಕಾಲ ಅಲ್ಲಿಗೆ ಮುಗಿದು, ಚಿತ್ರಕಾರರು ಸಲೀಸಾಗಿ ಬಯಲಿಗೆ ಹೊರಟರು.

ಆ ಹಸುಗಳ ವರದಿ ಬಂದ 1883ನೆಯ ವರ್ಷವೇ ಸಂಜೆಗಳ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಆಗಸ್ಟ್ 26 ಮತ್ತು 27ರಂದು ಈಗಿನ ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಅದರ ಸೂಕ್ಷ್ಮ ಧೂಳು ಆಕಾಶದ ಎತ್ತರಕ್ಕೇರಿ ಭೂಮಿಯನ್ನು ಸುತ್ತಿತು. ಸೆಪ್ಟೆಂಬರಿನಲ್ಲಿ ಮದ್ರಾಸಿನಲ್ಲಿ ಸೂರ್ಯ ಹಸಿರಾಗಿ ಕಾಣಿಸಿದ. ಅಲ್ಲಿನ ಮೈಕಿ ಸ್ಮಿತ್ ಎಂಬ ವಿಜ್ಞಾನಿ ಆ ಹಸಿರು ಸೂರ್ಯನ ಬೆಳಕನ್ನು ಪರೀಕ್ಷಿಸಿ ಬರೆದಿಟ್ಟಿದ್ದಾರೆ. ಚಳಿಗಾಲದ ಹೊತ್ತಿಗೆ ಯುರೋಪಿನಲ್ಲಿ ಸಂಜೆಗಳು ಬೆಂಕಿ ಬಿದ್ದಂತೆ ಕೆಂಪಾದವು. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ವಿಲಿಯಂ ಆಸ್‌ಕ್ರಾಫ್ಟ್ ಎಂಬ ಚಿತ್ರಕಾರ ದಿನವೂ ನಿಂತು ಬಣ್ಣದ ಸೀಮೆಸುಣ್ಣದಿಂದ ಆ ಸಂಜೆಗಳ ಐನೂರಕ್ಕೂ ಹೆಚ್ಚು ಚಿತ್ರ ಬರೆದ. 1888ರಲ್ಲಿ ರಾಯಲ್ ಸೊಸೈಟಿ ತಂದ ವರದಿಯಲ್ಲಿ ಅವುಗಳಲ್ಲಿ ಕೆಲವನ್ನು ಸೇರಿಸಿದರು. ಕಲರ್ ಫೋಟೋ ಇಲ್ಲದ ಕಾಲದಲ್ಲಿ ವಿಜ್ಞಾನಕ್ಕೆ ಬೇಕಾದ ಸಾಕ್ಷಿಯನ್ನು ಒದಗಿಸಿದ್ದು ಒಬ್ಬ ಡ್ರಾಯಿಂಗ್ ಬರೆಯುವವನು. ಇದನ್ನು ವಿಜ್ಞಾನದ ಮೇಷ್ಟ್ರುಗಳ ಗಮನಕ್ಕೆ ತರಲು ನನಗೆ ಸಂತೋಷವಾಗುತ್ತದೆ.

ಧೂಳಿಲ್ಲದಿದ್ದರೂ ಸಂಜೆ ಕೆಂಪಾಗುವುದಕ್ಕೆ ಕಾರಣವನ್ನು 1871ರಲ್ಲೇ ರ‍್ಯಾಲೆ ಎಂಬ ವಿಜ್ಞಾನಿ ವಿವರಿಸಿದ್ದರು. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಕೆಂಪನ್ನು ಕಡಿಮೆ. ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ದಾಟಬೇಕಾದ ಗಾಳಿಗಿಂತ ದಿಗಂತದಲ್ಲಿದ್ದಾಗ ದಾಟಬೇಕಾದ ಗಾಳಿ ಸುಮಾರು 38 ಪಟ್ಟು. ಅಷ್ಟು ದೂರ ಬರುವಷ್ಟರಲ್ಲಿ ನೀಲಿ ದಾರಿಯಲ್ಲೇ ಚದುರಿ ಹೋಗಿ ಕೆಂಪು ಮಾತ್ರ ನಮ್ಮನ್ನು ಮುಟ್ಟುತ್ತದೆ. ದೂರದ ಬೆಟ್ಟ ನೀಲಿಯಾಗಿ ಕಾಣುವುದೂ ಇದೇ ಚದುರುವಿಕೆಯಿಂದ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯ ಬಣ್ಣ ಅದು.

ಸೀನರಿ ನಮ್ಮ ಜನಸಾಮಾನ್ಯರ ಮನೆಗೆ ಬಂದದ್ದು ಇಂಗ್ಲಿಷರ ದುಬಾರಿ ಪುಸ್ತಕಗಳಿಂದಲ್ಲ. ಆ ಮಾತೇ ನಾಟಕದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರ್ಸಿ ಕಂಪನಿಗಳ ಪ್ರಭಾವದಿಂದ ನಮ್ಮಲ್ಲೂ ಬಣ್ಣದ ಪರದೆಗಳು ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಊರೂರಿಗೆ ಅವನ್ನು ಹೊತ್ತುಕೊಂಡು ಹೋದವು. ಅರಮನೆ ಸೀನು, ಬೀದಿ ಸೀನು, ಕಾಡಿನ ಸೀನು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಪರದೆ ಏರಿದಾಗ ಬೆಟ್ಟ, ಝರಿ, ಮರಗಳ ಸಾಲು ಕಂಡು ಜನ ಚಪ್ಪಾಳೆ ತಟ್ಟುತ್ತಿದ್ದರು, ನಟ ಬರುವುದಕ್ಕೂ ಮೊದಲೇ. ಹಳ್ಳಿಯ ಹವ್ಯಾಸಿ ತಂಡಗಳು ಇಂದಿಗೂ ‘ಡ್ರಾಮಾ ಸೀನರಿ’ಯನ್ನು ಬಾಡಿಗೆಗೆ ತರುತ್ತವೆ. ಇನ್ನೊಂದು ದಾರಿ ರಾಜಾ ರವಿವರ್ಮರದು. 1894ರಲ್ಲಿ ಮುಂಬಯಿಯಲ್ಲಿ ಅವರು ಆರಂಭಿಸಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಮನೆಮನೆಗೂ ಹೋದವು. ದೇವಿಯ ಹಿಂದೆ ಕೊಳ, ಗಿಡಮರ, ಬೆಟ್ಟ, ಆಕಾಶ. ರವಿವರ್ಮರ ತಮ್ಮ ರಾಜರಾಜವರ್ಮರು ನಿಸರ್ಗ ಚಿತ್ರದಲ್ಲಿ ನಿಪುಣರು, ಅಣ್ಣನ ಎಷ್ಟೋ ಚಿತ್ರಗಳ ಹಿನ್ನೆಲೆಯಲ್ಲಿ ಅವರ ಕೈ ಇದೆ. 1905ರಲ್ಲಿ ತಮ್ಮ, ಮರುವರ್ಷ ಅಣ್ಣ ತೀರಿಕೊಂಡರು. ಪೂಜೆಯ ಕೋಣೆಯಲ್ಲಿ ನಮ್ಮ ಅಜ್ಜಿಯರು ದಿನವೂ ಕೈಮುಗಿದದ್ದು ದೇವಿಗೆ, ಆದರೆ ಅವರಿಗೆ ಗೊತ್ತಿಲ್ಲದೆಯೇ ಅವರ ಕಣ್ಣು ಒಂದು ಭೂದೃಶ್ಯಕ್ಕೂ ಒಗ್ಗಿಹೋಯಿತು. ಮುಂದೆ ಕ್ಯಾಲೆಂಡರು, ಫೋಟೋ ಸ್ಟುಡಿಯೋದ ಹಿಂದಿನ ಪರದೆ, ಬೆಂಕಿಪೊಟ್ಟಣ, ಲಾರಿಯ ಹಿಂಬದಿಯ ಹಲಗೆ. ಲಾರಿಯ ಹಲಗೆಯ ಮೇಲೆ ಬೆಟ್ಟ ಸೂರ್ಯರನ್ನು ಬರೆಯುವ ಪೇಂಟರುಗಳ ಕೈವಾಡವನ್ನು ನಾನು ಎಂದೂ ಹಗುರವಾಗಿ ನೋಡಿದವನಲ್ಲ. ನಾಲ್ಕು ಡಬ್ಬಿ ಎನಾಮಲ್ ಬಣ್ಣದಲ್ಲಿ ಅಷ್ಟು ನಯವಾಗಿ ಹಳದಿಯಿಂದ ಕೆಂಪಿಗೆ ಜಾರಿಸುವುದು ಸುಲಭವಲ್ಲ.

ಶಾಲೆಗಳಲ್ಲಿ ಡ್ರಾಯಿಂಗ್ ಎಂಬ ವಿಷಯ ಬಂದದ್ದು ಕುಶಲಕರ್ಮಿಗಳನ್ನು ತಯಾರು ಮಾಡಲು. ಮದ್ರಾಸಿನಲ್ಲಿ 1850ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಕಲಾಶಾಲೆಗಳು ಹುಟ್ಟಿದವು. ಮೈಸೂರಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಬಂತು, ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಕಟ್ಟಿದರು. ನಮ್ಮ ಶಾಲೆಯ ಮಕ್ಕಳು ಬರೆಯುತ್ತ ಬಂದ ಲೋಯರ್, ಹೈಯರ್ ಪರೀಕ್ಷೆಗಳು ಆ ಮನೆತನದವೇ. ಎಲೆಯೊಂದನ್ನು ಎದುರಿಗಿಟ್ಟು ಅದರ ನರನರವನ್ನೂ ಬರೆಯುವ ಅಭ್ಯಾಸ ಒಳ್ಳೆಯದೇ. ಆದರೆ ಒಂದು ಎಲೆ ಬರೆಯಲು ಬಂದವನಿಗೆ ಒಂದು ಮರ ಬರೆಯಲು ಬಾರದೆ ಹೋಗುವುದುಂಟು. ಮರವೆಂದರೆ ಎಲೆಗಳ ಲೆಕ್ಕವಲ್ಲ, ಬೆಳಕು ಮತ್ತು ನೆರಳಿನ ಗುಡ್ಡೆಗಳು, ನಡುನಡುವೆ ಆಕಾಶ ಇಣುಕುವ ಕಿಂಡಿಗಳು.

ಈ ಅನುಕರಣೆಯ ದಾರಿ ಬಿಟ್ಟು ಸ್ವಂತ ಕಣ್ಣಿನಿಂದ ನೋಡಿದ ಇಬ್ಬರು ಕನ್ನಡಿಗರನ್ನು ಇಲ್ಲಿ ನೆನೆಯಬೇಕು. ಒಬ್ಬರು ಕೆ. ವೆಂಕಟಪ್ಪನವರು. 1886ರಲ್ಲಿ ಮೈಸೂರಿನ ಅರಮನೆಯ ಚಿತ್ರಗಾರರ ವಂಶದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ನಂದಲಾಲ ಬೋಸರು ಅವರ ಜೊತೆಗಾರರು. ಪುರಾಣದ ಚಿತ್ರಗಳಿಂದ ಹೆಸರಾದ ವೆಂಕಟಪ್ಪನವರು ನಡುವಯಸ್ಸಿನಲ್ಲಿ ಊಟಿ ಮತ್ತು ಕೊಡೈಕೆನಾಲಿನ ಬೆಟ್ಟಗಳ ಕಡೆ ತಿರುಗಿದರು. ಅವರ ಆ ಜಲವರ್ಣಗಳಲ್ಲಿ ಅಬ್ಬರವಿಲ್ಲ. ಮುಂಗಾರಿನ ಮೋಡ ಒಡೆಯುವ ಗಳಿಗೆ, ಸರೋವರದ ಮೇಲಿನ ಮಂಜು, ಬೆಟ್ಟದ ಒಂದು ಮಗ್ಗುಲಿಗೆ ಮಾತ್ರ ಬಿದ್ದ ಬೆಳಕು. ಒಂದು ಗಳಿಗೆಯನ್ನು ಹಿಡಿಯಲು ಅವರು ಎಷ್ಟು ದಿನವಾದರೂ ಕಾಯುವವರು. ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನೂ ಅಷ್ಟೇ ನಿಷ್ಠೆಯಿಂದ ಸಾಧಿಸಿದ್ದರು. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಚಿತ್ರಶಾಲೆಗೆ ಅವರದೇ ಹೆಸರು.

ಇನ್ನೊಬ್ಬರು ನಮ್ಮ ನೆರೆಯವರು, 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು. ಚಿತ್ರಕಲೆ ಕಲಿಯುತ್ತಿದ್ದಾಗಲೇ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಜೈಲು ಸೇರಿದರು. ಸೇವಾದಳ, ‘ತಾಯಿನಾಡು’ ಪತ್ರಿಕೆ, ವಿಧಾನ ಪರಿಷತ್ತು ಎಂದು ಹಲವು ವರ್ಷ ಕುಂಚವನ್ನೇ ಮುಟ್ಟಲಿಲ್ಲ. 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಕುಂಚ ಹಿಡಿದು ರಸ್ತೆಯ ಪಕ್ಕದಲ್ಲಿ ಸ್ಟ್ಯಾಂಡು ನಿಲ್ಲಿಸಿ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆಯತೊಡಗಿದರು. ಮೇ ತಿಂಗಳ ಗುಲ್‌ಮೊಹರ್, ಜಕರಂದಾ, ಚಿಗುರಿದ ಸಾಲುಮರ. ಬಣ್ಣವನ್ನು ಅವರು ತೇದು ಹಚ್ಚಲಿಲ್ಲ, ಚುಕ್ಕೆ ಚುಕ್ಕೆಯಾಗಿ ಸುರಿದರು. 1988ರಲ್ಲಿ ಅವರು ಹೋದರು. ಅವರು ಬರೆದ ಎಷ್ಟೋ ರಸ್ತೆಗಳ ಮರಗಳು ಈಗ ಇಲ್ಲ, ಚಿತ್ರಗಳಲ್ಲಿ ಇವೆ.

ಈಗ ನಮ್ಮ ಶಾಲೆಯ ಜಗುಲಿಗೆ ಬರೋಣ. ಇಲ್ಲಿ ನಿಂತರೆ ಪಶ್ಚಿಮಕ್ಕೆ ಶಿವಗಂಗೆ ಬೆಟ್ಟ. ಸುಮಾರು 4,500 ಅಡಿ ಎತ್ತರ. ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪತಿಯಂತೆ, ಉತ್ತರದಿಂದ ಹಾವಿನಂತೆ, ದಕ್ಷಿಣದಿಂದ ಲಿಂಗದಂತೆ ಕಾಣುತ್ತದೆಂದು ಹಿರಿಯರು ಹೇಳುತ್ತಾರೆ. ನಮಗೆ ಕಾಣುವುದು ಬಸವ. ಐವತ್ತು ವರ್ಷ ಈ ಶಾಲೆಯ ಮಕ್ಕಳು ಆ ಬಸವನ ಎದುರಿಗೇ ಕುಳಿತು ತ್ರಿಕೋನದ ಬೆಟ್ಟ ಬರೆದಿದ್ದಾರೆ. ಗ್ರಾನೈಟಿನ ಬೆಟ್ಟ ತ್ರಿಕೋನವಾಗುವುದಿಲ್ಲ. ಅದಕ್ಕೆ ಬೆನ್ನು, ಹೆಗಲು, ಗುಳಿ ಇರುತ್ತವೆ. ಈ ಬಯಲಿನಲ್ಲಿ ಹೊಳೆಯೂ ಹರಿಯುವುದಿಲ್ಲ, ಇರುವುದು ಕೆರೆ.

ಸಂಜೆಯ ಚಿತ್ರ ಬರೆಯುವ ಮಕ್ಕಳಿಗೆ ಕೆಲವು ಮಾತು. ಸೂರ್ಯ ಬೆಟ್ಟದ ಹಿಂದಿದ್ದಾನೆಂದ ಮೇಲೆ ಬೆಟ್ಟದ ನಮ್ಮ ಕಡೆಯ ಮುಖ ನೆರಳಿನಲ್ಲಿರುತ್ತದೆ. ಮುಂದಿನ ಹುಣಸೆ ಮರ ಹಸಿರಾಗಿ ಕಾಣುವುದಿಲ್ಲ, ಕಪ್ಪಿಗೆ ಹತ್ತಿರವಾಗುತ್ತದೆ. ಸೂರ್ಯನನ್ನೂ ಬರೆದು ಎಲೆಗೆ ಗಿಳಿಹಸಿರನ್ನೂ ಬಳಿದರೆ ಒಂದೇ ಹಾಳೆಯಲ್ಲಿ ಸಂಜೆ ಆರು ಗಂಟೆಯೂ ಮಧ್ಯಾಹ್ನ ಹನ್ನೆರಡೂ ಬಂದಂತಾಯಿತು. ಆಕಾಶಕ್ಕೆ ಮೊದಲು ಹಾಳೆಯನ್ನು ಒದ್ದೆ ಮಾಡಿ, ಕೆಳಗೆ ತಿಳಿಹಳದಿ, ಅದರ ಮೇಲೆ ಕಿತ್ತಳೆ, ಆಮೇಲೆ ಗುಲಾಬಿ, ಕೊನೆಗೆ ಮೇಲೆ ನೀಲಿ. ಹಳದಿಯ ಮೇಲೆ ನೇರವಾಗಿ ನೀಲಿ ತಂದರೆ ಆಕಾಶ ಹಸಿರಾಗುತ್ತದೆ, ನಡುವೆ ಗುಲಾಬಿಯ ಕಾವಲು ಇರಬೇಕು. ಆಕಾಶ ಪೂರ್ತಿ ಒಣಗಿದ ಮೇಲೆ ದೂರದ ಬೆಟ್ಟವನ್ನು ತಿಳಿಯಾಗಿ, ಹತ್ತಿರದ್ದನ್ನು ಗಾಢವಾಗಿ, ಎಲ್ಲಕ್ಕಿಂತ ಕೊನೆಗೆ ಮರ. ಅವಸರ ಮಾಡಿದರೆ ಬೆಟ್ಟ ಆಕಾಶಕ್ಕೆ ಹರಿದುಹೋಗುತ್ತದೆ. ಆದರೆ ನೋಡುವಾಗ ಅವಸರ ಇರಲೇಬೇಕು. ನಮ್ಮ ಅಕ್ಷಾಂಶದಲ್ಲಿ ಸೂರ್ಯನ ಬಿಂಬ ದಿಗಂತ ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷ ಚಿಲ್ಲರೆ ಸಾಕು. ಕ್ಲೋಡ್ ಹೊಲದಿಂದ ಓಡಿದ್ದು ಅದಕ್ಕೇ. ನಿಂತು ನೋಡಿ, ನೆನಪಿನಲ್ಲಿ ಇಟ್ಟುಕೊಂಡು, ಒಳಗೆ ಬಂದು ಬರೆಯಬೇಕು.

ಈ ಐವತ್ತು ವರ್ಷಗಳಲ್ಲಿ ಜಗುಲಿಯ ಎದುರಿನ ನೋಟವೂ ಒಂದೇ ಆಗಿ ಉಳಿದಿಲ್ಲ. ಹೊಂಗೆ, ಹುಣಸೆ, ಜಾಲಿಯ ಗುಂಡು ಗುಂಡಾದ ತಲೆಗಳಿದ್ದ ಕಡೆ ನೀಲಗಿರಿಯ ತೋಪುಗಳು ಕಡ್ಡಿ ನೆಟ್ಟಂತೆ ಎದ್ದವು, ಈಗ ಕೆಲವು ಕಡೆ ಅವೂ ಹೋಗಿ ಲೇಔಟಿನ ಕಲ್ಲುಗಳು ಬಂದಿವೆ. ಶಾಲೆಯ ಉತ್ತರಕ್ಕೆ ಒಂದು ಚಿಕ್ಕ ಗುಡ್ಡ ಇತ್ತು. ಹಳೆಯ ವಿದ್ಯಾರ್ಥಿಗಳು ಅದರ ಮೇಲೆ ದನ ಬಿಟ್ಟುಕೊಂಡು ಕಾರೆಹಣ್ಣು ತಿಂದವರು. ಅದು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಬೆಂಗಳೂರಿಗೆ ಹೋಯಿತು. ಈಗ ಅಲ್ಲಿರುವುದು ನೀರು ನಿಂತ ಗುಂಡಿ. ಈ ಸಂಚಿಕೆಯಲ್ಲಿ ಅಚ್ಚು ಹಾಕಲು ಆ ಗುಡ್ಡದ ಒಂದು ಚಿತ್ರ ಬೇಕೆಂದು ಸಮಿತಿಯವರು ಹಳೆಯ ವಿದ್ಯಾರ್ಥಿಗಳನ್ನು ಕೇಳಿದರು. ಗ್ರೂಪ್ ಫೋಟೋಗಳು ಬಂದವು, ಗುಡ್ಡ ಯಾವುದರಲ್ಲೂ ಇರಲಿಲ್ಲ. ಹಳೆಯ ಡ್ರಾಯಿಂಗ್ ಪುಸ್ತಕಗಳೂ ಕೆಲವು ಬಂದವು. ಅವುಗಳಲ್ಲಿ ಎರಡು ತ್ರಿಕೋನದ ಬೆಟ್ಟಗಳಿದ್ದವು.

ಜಗುಲಿಯಿಂದ ನೋಡುವವರಿಗೆ ಇನ್ನೊಂದು ವಿಷಯ. ಸೂರ್ಯ ದಿನವೂ ಒಂದೇ ಕಡೆ ಮುಳುಗುವುದಿಲ್ಲ. ಜೂನ್ ಕೊನೆಯಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ನೇರ ಪಶ್ಚಿಮಕ್ಕಿರುವ ಶಿವಗಂಗೆಯ ಬೆನ್ನಿನ ಮೇಲೆ ಅವನು ಇಳಿಯುವುದು ವರ್ಷಕ್ಕೆ ಎರಡು ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ. ಮಾರ್ಚ್ ಎಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ, ಹತ್ತನೆಯ ತರಗತಿಯವರು ತಲೆ ಎತ್ತುವುದಿಲ್ಲ. ಸೆಪ್ಟೆಂಬರಿನಲ್ಲಿ ಮೋಡ. ಆದರೂ ಎಂಟನೆಯ, ಒಂಬತ್ತನೆಯ ತರಗತಿಯವರಿಗೆ ಬಿಡುವಿದೆ, ಮೋಡ ಒಡೆದ ಸಂಜೆಯ ಬಣ್ಣ ಬಯಲು ಆಕಾಶಕ್ಕಿಂತ ಚೆನ್ನಾಗಿರುತ್ತದೆ. ಸಂಜೆ ಆರು ಗಂಟೆಯ ಹೊತ್ತಿಗೆ, ಹಾಳೆ ಒದ್ದೆ ಮಾಡಿಕೊಂಡು ಜಗುಲಿಯ ಪಶ್ಚಿಮದ ತುದಿಗೆ ಬರಬೇಕು.